ಕಾಗೆ ಮುಟ್ಟದ ತಿಂಗಳುಗಳು

ಇವತ್ತು ಬೆಳಿಗ್ಗೆ ಕಪ್ಪನ್ನು ಕುದಿಯಲು ಇಟ್ಟು ಮರೆತೆ. ನೀರೆಲ್ಲ ಆರಿ, ರಬ್ಬರು ಸುಟ್ಟಂಥ ವಾಸನೆ ಹೊರಗಿನ ಕೋಣೆಗೂ ಹೋಯಿತು. "ಕುಕ್ಕರ್ ಗ್ಯಾಸ್ಕೆಟ್ ಹೋಯ್ತೇನೇ?" ಎಂದು ನಮ್ಮ ಯಜಮಾನರು ಕೂಗಿದರು. ನಾನು ಹೂಂ ಎಂದೆ. ಕಪ್ಪು ಎಂದರೆ ಕಾಫಿಯದಲ್ಲ, ಮುಟ್ಟಿನದು, ಪ್ಯಾಡಿನ ಬದಲು ಒಳಗಿಟ್ಟುಕೊಳ್ಳುವ ಪುಟ್ಟ ಸಿಲಿಕಾನ್ ಬಟ್ಟಲು. ಈಗಲೇ ಹೇಳಿಬಿಡುತ್ತೇನೆ, ಆಮೇಲೆ ನಿಮಗೂ ನನಗೂ ಮುಜುಗರ ಬೇಡ.

ಸೀದ ಪಾತ್ರೆ ಉಜ್ಜುವಾಗ ಹೆಬ್ಬಗೋಡಿಯ ಮುನಿರತ್ನಮ್ಮನ ನೆನಪಾಯಿತು. ಮದುವೆಯಾದ ಹೊಸತರಲ್ಲಿ ನಾವು ಅವರ ವಠಾರದಲ್ಲಿ ಬಾಡಿಗೆಗಿದ್ದೆವು. ಒಂದು ಕಾಲಕ್ಕೆ ಅವರ ರಾಗಿ ಹೊಲವಾಗಿದ್ದ ಜಾಗ ಅದು. ಅಂಗಳದ ಬೇವಿನ ಮರದಡಿ ಅವರ ಮುನೇಶ್ವರನ ಕಲ್ಲು, ಅದರ ಮಗ್ಗುಲಲ್ಲೇ ನೀರಿನ ನಲ್ಲಿ. ದೇವರನ್ನು ಕದಲಿಸುವಂತಿಲ್ಲ, ಪೈಪು ಬೇರೆ ಕಡೆ ಬರುವಂತಿಲ್ಲ. ಹಾಗಾಗಿ ಒಂದು ಕಟ್ಟಳೆ: ಕಾಗೆ ಮುಟ್ಟಿದವರು, ಅಂದರೆ ತಿಂಗಳ ಮುಟ್ಟಾದವರು, ನಲ್ಲಿ ಮುಟ್ಟಬಾರದು. ಖಾಲಿ ಕೊಡ ಬಾಗಿಲಾಚೆ ಇಡಬೇಕು, ಓನರಮ್ಮನೇ ತುಂಬಿಸಿ ತಂದಿಡುತ್ತಾರೆ. ಮೀರಿದವರು ಮನೆ ಖಾಲಿ ಮಾಡಬೇಕು. ನಮಗಿಂತ ಮುಂಚೆ ಇದ್ದವರು ಹಾಗೇ ಹೋದರಂತೆ.

ಮೆಡಿಕಲ್ ಶಾಪಿನವನು ಪ್ಯಾಡನ್ನು ಪೇಪರಿನಲ್ಲಿ ಸುತ್ತಿ, ಕರಿ ಕವರಿಗೆ ಹಾಕಿ, ಆಚೀಚೆ ನೋಡಿ ಕೊಡುತ್ತಿದ್ದ. ಅಷ್ಟು ಗುಟ್ಟಾಗಿ ತಂದು, ಮನೆಗೆ ಬಂದು, ಹಾಲಿನವನಿಗೂ ಕಾಣುವಂತೆ ಕೊಡ ಹೊರಗಿಡುತ್ತಿದ್ದೆ.

ಕಂಪನಿಯಲ್ಲಿ ಪಕ್ಕ ಕೂರುತ್ತಿದ್ದ ಗೆಳತಿ ಕಪ್ಪಿನ ವಿಷಯ ಹೇಳಿದಳು. "ಪ್ಯಾಡ್ ಚೇಂಜ್ ಮಾಡೋಕೆ ಸೂಪರ್‌ವೈಸರ್ ಮುಖ ನೋಡ್ಬೇಕಾಗಿಲ್ಲ ಕಣೇ. ಹಾಕ್ಕೊಂಡ್ರೆ ಮರ್ತೇ ಹೋಗುತ್ತೆ." ತರಿಸಿಕೊಂಡೆ. ವಿಡಿಯೋದಲ್ಲಿ ಒಬ್ಬಾಕೆ ನಗುನಗುತ್ತ ಅದನ್ನು ಮಡಚಿ ತೋರಿಸಿ, "ಆರಾಮಾಗಿರಿ" ಎಂದಳು. ಹಾಗೆ ಯಾರಾದರೂ ಹೇಳಿದೊಡನೆ ನನ್ನ ಆರಾಮ ಹೋಗುತ್ತದೆ. ಮಡಚಿದ್ದು ಕೈಯಿಂದ ಚಿಮ್ಮಿ ಬಕೆಟ್ಟಿನ ಹಿಂದೆ ಹೋಗಿ ಕೂತಿತು. ತೊಳೆದು ಕುದಿಸಿ ತಂದೆ. ಮತ್ತೆ ಅಲ್ಲಿಗೇ ಹೋಯಿತು. ಅಂತೂ ಇಂತೂ ಅದು ಕೂರಬೇಕಾದಲ್ಲಿ ಕೂತ ಮೇಲೆ ಗೆಳತಿಯ ಮಾತು ನಿಜವಾಯಿತು. ಮರೆತೇಬಿಟ್ಟೆ. ಮರೆತು, ಕೊಡ ತೆಗೆದುಕೊಂಡು ಹೋಗಿ ನಲ್ಲಿ ತಿರುಗಿಸಿದೆ. ಕೊಡ ಅರ್ಧ ತುಂಬಿದಾಗ ನೆನಪಾಯಿತು. ಮುನೇಶ್ವರ ಏನೂ ಅನ್ನಲಿಲ್ಲ, ನಾನೂ ಅನ್ನಲಿಲ್ಲ. ಮುಂದಿನ ತಿಂಗಳುಗಳಲ್ಲಿ ನೆನಪಿದ್ದೇ ಹಾಗೆ ಮಾಡಿದೆ.

ನನ್ನ ಬಾಗಿಲಿಗೆ ಕೊಡ ಬರದಿದ್ದುದನ್ನು ಮುನಿರತ್ನಮ್ಮ ತಮ್ಮದೇ ರೀತಿಯಲ್ಲಿ ಅರ್ಥ ಮಾಡಿಕೊಂಡರು. ಒಂದು ಭಾನುವಾರ ಬಸ್ಸಾರು ತಂದುಕೊಟ್ಟರು. ಆಮೇಲೆ ಮಾವಿನಕಾಯಿ ಬಂತು. ಯಜಮಾನರು ಬಸ್ಸಾರು ಉಂಡು, ಓನರಮ್ಮ ಒಳ್ಳೆಯ ಹೆಂಗಸು ಎಂದರು. ಕೊನೆಗೊಂದು ದಿನ ಮುನಿರತ್ನಮ್ಮ ನನ್ನ ಕೈಯಿಂದ ತುಂಬಿದ ಕೊಡವನ್ನೇ ಕಿತ್ತುಕೊಂಡರು.

"ಇಂತಾ ಟೈಮಲ್ಲಿ ಬಾರ ಎತ್ತಬಾರ್ದು ಕಣಮ್ಮ. ನಾನಿಲ್ವಾ?"

"ಎಂಥಾ ಟೈಮು ಆಂಟಿ?"

"ಅದನ್ನೂ ನಾನೇ ಏಳ್ಬೇಕಾ? ನಿನ್ ಕೊಡ ಆಚೆಗೆ ಬಂದು ಎಷ್ಟ್ ದಿನ ಆಯ್ತು?" ಎಂದು ಕೆನ್ನೆ ಹಿಂಡಿದರು.

ನನ್ನ ಪಾಡು ನೋಡಿ. ಬಸುರಿಯಲ್ಲ ಎಂದರೆ ಇಷ್ಟು ತಿಂಗಳೂ ನಲ್ಲಿ ಮುಟ್ಟಿದ್ದು ಬಯಲಾಗಿ ಮನೆ ಹೋಗುತ್ತದೆ. ಹೌದು ಎಂದರೆ ಮಗುವನ್ನು ಎಲ್ಲಿಂದ ತರಲಿ? ಬಸ್ಸಾರು ಬೇರೆ ಬಹಳ ಚೆನ್ನಾಗಿರುತ್ತಿತ್ತು. ಕೆಲವು ದಿನ ಸುಮ್ಮನೆ ಉಂಡೆ. ನನ್ನ ಹೆರಿಗೆ ಸುಸೂತ್ರವಾಗಲಿ ಎಂದು ಅವರು ಮುನೇಶ್ವರನಿಗೆ ಕೋಳಿ ಹರಕೆ ಹೊತ್ತ ದಿನ ಮಾತ್ರ ಬಸ್ಸಾರಿನ ಪಾತ್ರೆಯನ್ನು ಹಾಗೇ ಮುಚ್ಚಿಟ್ಟೆ. ಕಪ್ಪನ್ನು ಅಂಗೈಯಲ್ಲಿಟ್ಟುಕೊಂಡು ಹೋಗಿ ಎಲ್ಲ ಹೇಳಿದೆ.

ಅವರು ಮೊದಲು ಕಪ್ಪನ್ನು ನೋಡಿದರು. "ಇಷ್ಟೇನಾ?" ಎಂದರು. ಆಮೇಲೆ ಕಲ್ಲಿನ ಕಡೆ ನೋಡಿದರು. ನಾನು ಮನಸ್ಸಿನಲ್ಲೇ ಪಾತ್ರೆಪಗಡ ಕಟ್ಟತೊಡಗಿದೆ.

"ಅಂಗಾರೆ ಇಷ್ಟ್ ತಿಂಗ್ಳೂ ನಲ್ಲಿ ಮುಟ್ಟಿದ್ದೀಯ?"

"ಹೂಂ ಆಂಟಿ."

"ನೀರು ನಿಲ್ಲಿಲ್ವಾ?"

"ಇಲ್ಲ."

"ಅವ್ನೂ ಏನೂ ಅನ್ಲಿಲ್ವಾ?"

"ಇಲ್ಲ."

ಅವರು ಜಗಲಿಯ ಮೇಲೆ ಮೆಲ್ಲಗೆ ಕೂತು ಮಂಡಿ ನೀವಿಕೊಂಡರು. "ಮತ್ತೆ ನಾನ್ಯಾಕಮ್ಮ ಇಷ್ಟ್ ವರ್ಸ ಎಲ್ಲಾರ್ ಮನೆಗೂ ನೀರ್ ಒತ್ತೆ?"

ಆ ಮಂಡಿಗಳ ಬಗ್ಗೆ ನಾನು ಒಂದು ದಿನವೂ ಯೋಚಿಸಿರಲಿಲ್ಲ. ನನಗೆ ಅಳು ಬಂತು, ಅವರಿಗೆ ಸಿಟ್ಟು ಬಂತು. ಸಿಟ್ಟು ನನ್ನ ಮೇಲಲ್ಲ. "ಬಾಯ್ ಬಿಟ್ಟು ಏಳ್ಬಾರ್ದಿತ್ತಾ ನೀನು?" ಎಂದು ಕಲ್ಲಿಗೆ ಗದರಿದರು. ಅವತ್ತಿನಿಂದ ಆ ವಠಾರದಲ್ಲಿ ಯಾರ ಕೊಡವೂ ಬಾಗಿಲಾಚೆ ಕೂರಲಿಲ್ಲ. ಹರಕೆಯ ಕೋಳಿಯೂ ಮುನೇಶ್ವರನಿಗೆ ಸಲ್ಲಲಿಲ್ಲ, ನಾವೇ ಸಾರು ಮಾಡಿಕೊಂಡು ಉಂಡೆವು. ಯಜಮಾನರು ಯಾವ ಲೆಕ್ಕದ ಕೋಳಿ ಎಂದು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಪಾತ್ರೆ ಬೆಳ್ಳಗಾಯಿತು. ಕಪ್ಪು ಮಾತ್ರ ಸೊಟ್ಟಗಾಗಿದೆ. ಯಜಮಾನರು ಚಪ್ಪಲಿ ಮೆಟ್ಟಿ, "ಗ್ಯಾಸ್ಕೆಟ್ ಯಾವ ಸೈಜು?" ಎಂದರು. ಬಾಯಿ ಬಿಟ್ಟು ಹೇಳಬಾರದಿತ್ತಾ ಎಂದು ಮುನಿರತ್ನಮ್ಮ ಗದರಿದ್ದು ಕಲ್ಲಿಗೆ ಮಾತ್ರ ಎಂದು ಇಷ್ಟು ವರ್ಷ ತಿಳಿದಿದ್ದೆ.

"ಗ್ಯಾಸ್ಕೆಟ್ ಅಲ್ಲ, ಬನ್ನಿ ಇಲ್ಲಿ," ಎಂದು ಕರೆದು ಸೊಟ್ಟ ಕಪ್ಪನ್ನು ಅವರ ಅಂಗೈ ಮೇಲಿಟ್ಟೆ. ಕೂರಿಸಿ ಎಲ್ಲ ಹೇಳಿದೆ. ಬಸ್ಸಾರು, ಕೋಳಿ, ಎಲ್ಲ. ಅವರು ಕಪ್ಪನ್ನು ಆಚೀಚೆ ತಿರುಗಿಸಿ ನೋಡಿದರು.

"ಹೊಸದು ಮೆಡಿಕಲ್‌ನಲ್ಲಿ ಸಿಗುತ್ತಾ?"

"ಸಿಗುತ್ತೆ. ಪೇಪರಲ್ಲಿ ಸುತ್ತೋದು ಬೇಡ ಅನ್ನಿ."