ರಿವ್ಯೂವರ್ ಕೇಳಿದ ರೊಟ್ಟಿ

ನಮ್ಮ ವಿಶ್ವವಿದ್ಯಾಲಯದ ವಿಭಾಗದಲ್ಲಿ, ಜರ್ನಲ್‌ಗೆ ಕಳಿಸಿದ ಲೇಖನವನ್ನು ಪರಿಶೀಲಿಸುವ ರಿವ್ಯೂವರ್ ಎಂದರೆ ಹೆಸರು ಹೇಳದ ತಹಶೀಲ್ದಾರ. ಜರ್ನಲ್‌ನಿಂದ ಅವರ ಟಿಪ್ಪಣಿ ಬಂದರೆ ಯಾರೂ ಅದನ್ನು ಓದುವುದಿಲ್ಲ, ಕೈಮುಗಿಯುತ್ತಾರೆ. ಪ್ರತಿ ಆಕ್ಷೇಪದ ಕೆಳಗೂ 'ತಮ್ಮ ಅಮೂಲ್ಯ ಸಲಹೆಗೆ ಕೃತಜ್ಞತೆಗಳು, ತಿದ್ದಲಾಗಿದೆ' ಎಂದು ಅಂಟಿಸುತ್ತಾರೆ. ನನಗಿಂತ ಮುಂಚೆ ಸೇರಿದ್ದವನೊಬ್ಬ, ಒಂದಕ್ಕೊಂದು ವಿರುದ್ಧವಾದ ಎರಡು ಸಲಹೆಗಳಿಗೂ ಹೀಗೆ ಬರೆದು, ಎರಡರಂತೆಯೂ ತಿದ್ದಿ, ತನ್ನ ಲೇಖನ ಏನು ಹೇಳುತ್ತಿದೆಯೆಂದು ತನಗೇ ತಿಳಿಯದಂತೆ ಮಾಡಿಕೊಂಡ. ಲೇಖನವೇನೋ ಪ್ರಕಟವಾಯಿತು.

ನನ್ನ ಲೇಖನ ರಾಯಚೂರು ಜಿಲ್ಲೆಯ ದೇವದುರ್ಗ, ಮಾನ್ವಿ ತಾಲೂಕುಗಳಲ್ಲಿ ಗೊಬ್ಬರಕ್ಕಾಗಿ ಹೊಲದಲ್ಲಿ ರಾತ್ರಿ ಕುರಿ ನಿಲ್ಲಿಸುವ ಪದ್ಧತಿಯ ಬಗ್ಗೆ. ಅದು ಸ್ವೀಕಾರವಾಗದೆ ಪಿಎಚ್.ಡಿ. ಪ್ರಬಂಧ ಸಲ್ಲಿಸುವಂತಿರಲಿಲ್ಲ, ಗಡುವು ಹತ್ತಿರವಿತ್ತು. ಹೊಲದವರ ಮನೆಯಿಂದ ಕುರಿಯವರಿಗೆ ದಿನವೂ ಊಟ ಹೋಗುತ್ತದೆ ಎಂದು ಬರೆದಿದ್ದೆ. ಈ ಜಿಲ್ಲೆಯಲ್ಲಿ ಕುರಿಯವರು ತಾವೇ ಬೇಯಿಸಿಕೊಳ್ಳುತ್ತಾರೆ, ನಿಮ್ಮ ಮಾತಿಗೆ ಆಧಾರವೇನು ಎಂದು ರಿವ್ಯೂವರ್ ಕೇಳಿದ್ದರು.

ಆಧಾರ ನನ್ನ ನೆನಪು. ಚಿಕ್ಕಂದಿನಲ್ಲಿ ದೇವದುರ್ಗ ತಾಲೂಕಿನ ಗಬ್ಬೂರಿನಲ್ಲಿ ಸೋದರತ್ತೆಯ ಹಿಂದೆ ರೊಟ್ಟಿಯ ಗಂಟು ಹಿಡಿದು ಹೊಲಕ್ಕೆ ನಡೆದದ್ದು, ಕುರಿಗಳ ನಾತ ಮೂಗಿಗೆ ಹೊಡೆದದ್ದು.

ಯರಗೇರಾ ಕ್ಯಾಂಪಸ್ಸಿನ ತಮ್ಮ ಕೋಣೆಯಲ್ಲಿ ಗೈಡ್ ಟಿಪ್ಪಣಿ ನೋಡಿದರು. "ಆ ಸಾಲು ತಗದು ಬಿಡಪ್ಪಾ. ರೊಟ್ಟಿ ಸಲುವಾಗಿ ಡಿಗ್ರಿ ಕಳಕೊಂತಿ ಏನು?"

ನಾನು ಬರೆದದ್ದು ನಿಜವೇ ಎಂದು ಅವರು ಕೇಳಲಿಲ್ಲ. ಕೇಳಿದ್ದು ಆ ಹೆಸರಿಲ್ಲದ ತಹಶೀಲ್ದಾರರು ಒಬ್ಬರೇ. ಅದೇ ನನ್ನನ್ನು ಕೆರಳಿಸಿತು. ರಾಯಚೂರಿಗೆ ಹೋಗಿ ಗಬ್ಬೂರಿನ ಬಸ್ಸು ಹತ್ತಿದೆ.

ಅತ್ತೆ ಜೋಳ ಹಸನು ಮಾಡುತ್ತ ಕೂತಿದ್ದಳು. ನನ್ನ ನೆನಪನ್ನು ಕೇಳಿ ನಕ್ಕಳು. "ನೀ ಎಲ್ಲಿ ಬಂದಿದ್ದಿ? ಬರ್ತಿದ್ದಾಂವ ನಿಮ್ಮಣ್ಣ. ನೀ ಕುರಿ ಅಂದ್ರ ಹೆದರಿ ಕಟ್ಟಿ ಇಳೀತಿದ್ದಿಲ್ಲ."

ಅಣ್ಣ ಹೇಳಿದ ಕಥೆಯಿಂದ ನಾನು ನಾತವನ್ನೂ ಕದ್ದಿದ್ದೆ. ದಿನಾ ಊಟ ಕಳಿಸುತ್ತಿದ್ದದ್ದಾದರೂ ನಿಜವೇ ಎಂದು ಕೇಳಿದೆ.

"ದಿನಾ ಯಾಕ? ಕುರಿ ಬಂದು ಇಳಿದ ದಿನ ನಮ್ಮ ರೊಟ್ಟಿ. ಮರುದಿನದಿಂದ ಅವರ ಒಲಿ ಅವರಿಗೆ."

ಸೋದರತ್ತೆಯನ್ನು ಆಧಾರವೆಂದು ತೋರಿಸುವಂತಿಲ್ಲ. ಸುತ್ತಲಿನ ಹೊಲಗಳಲ್ಲಿ ಇಳಿದಿದ್ದ ಕುರಿಯವರನ್ನು ಕೇಳಿದೆ. ಅತ್ತೆಯ ಮಾತನ್ನೇ ಹೇಳಿದರು. ಮಾನ್ವಿ ತಾಲೂಕಿನ ನೀರಮಾನ್ವಿ ಕಡೆ ಇಳಿದಿದ್ದವರು ಮಾತ್ರ ಮೊದಲ ದಿನದಿಂದಲೇ ತಾವೇ ಬೇಯಿಸಿಕೊಳ್ಳುತ್ತೇವೆ ಎಂದರು. ಅಂದರೆ ರಿವ್ಯೂವರ್ ಒಂದು ತಾಲೂಕು ನೋಡಿ ಜಿಲ್ಲೆಗೆಲ್ಲ ತೀರ್ಪು ಕೊಟ್ಟಿದ್ದರು, ನಾನು ಒಂದು ತಾಲೂಕನ್ನೂ ನೋಡದೆ. ಇಬ್ಬರೂ ವಿದ್ವಾಂಸರೇ.

ಉತ್ತರದಲ್ಲಿ ಇದಷ್ಟನ್ನೇ ಬರೆದೆ: 'ದಿನವೂ' ಎಂದದ್ದು ನನ್ನ ತಪ್ಪು, ಜಿಲ್ಲೆಯೆಲ್ಲ ಎಂದದ್ದು ನಿಮ್ಮದು, ಸಾಲನ್ನು ತಿದ್ದಿದ್ದೇನೆ, ತೆಗೆಯುವುದಿಲ್ಲ. ಕೃತಜ್ಞತೆ ಬರೆಯಲಿಲ್ಲ. ಗೈಡ್ ಓದಿ, "ಯಪ್ಪಾ, ಇದು ಉತ್ತರನೋ ಜಗಳನೋ?" ಎಂದರು. ಆದರೂ ಕಳಿಸುತ್ತೇನೆಂದರು.

ಲೇಖನ ಸ್ವೀಕಾರವಾಯಿತು. ತಾವು ಕಂಡದ್ದು ಮಾನ್ವಿ ಕಡೆ ಮಾತ್ರ ಎಂದು ರಿವ್ಯೂವರ್ ಒಂದು ಸಾಲು ಬರೆದಿದ್ದರು. ಒಪ್ಪಿಕೊಳ್ಳಲು ಬಲ್ಲ ಒಬ್ಬ ಮನುಷ್ಯ ಸಿಕ್ಕ, ಅವನ ಹೆಸರೇ ಗೊತ್ತಿಲ್ಲ. ಜರ್ನಲ್‌ಗೆ ಕಳಿಸಿದ್ದ ಪ್ರತಿಯನ್ನು ಆಮೇಲೆ ತೆರೆದು ನೋಡಿದರೆ, ನನ್ನ ಒಂದೊಂದು ಉತ್ತರದ ತಲೆಯ ಮೇಲೂ ಗೈಡ್ 'ತಮ್ಮ ಅಮೂಲ್ಯ ಸಲಹೆಗೆ ಕೃತಜ್ಞತೆಗಳು' ಎಂದು ಸೇರಿಸಿದ್ದರು. ಲೇಖನ ಗೆದ್ದದ್ದು ಅದರಿಂದಲೇ ಎಂದು ಈಗಲೂ ಹೊಸಬರಿಗೆ ಹೇಳುತ್ತಾರೆ.

ಪ್ರಬಂಧ ಸಲ್ಲಿಸಿದ ದಿನ ಅಣ್ಣನಿಗೆ ಫೋನ್ ಮಾಡಿ ರೊಟ್ಟಿಯ ವಿಷಯ ಹೇಳಿದೆ. ತಾನು ಆ ಹೊಲಕ್ಕೆ ಹೋದದ್ದೇ ಅವನಿಗೆ ನೆನಪಿರಲಿಲ್ಲ.