ಹದಿನಾರು ಮೀಟರು ಕಡಿಮೆ

ಹೊನ್ನೂರಪ್ಪನ ಬಗ್ಗೆ ನಮ್ಮ ಕುರುಗೋಡಿನಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: ಅವನಿಗೆ ಗಾಳಿ ಹಿಡಿದಿದೆ. ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದಿದೆ. ಗಾಳಿಯೂ ಇಲ್ಲ, ಗೀಳಿಯೂ ಇಲ್ಲ. ಅವನ ಬೆನ್ನ ಹಿಂದೆ ಓಡುವ ಹುಡುಗಿ ಬಳ್ಳಾರಿಯ ಕೌಲ್ ಬಜಾರಿನಲ್ಲಿ ಜೀನ್ಸ್ ಪ್ಯಾಂಟು ಹೊಲಿದುಕೊಂಡು ಗಟ್ಟಿಮುಟ್ಟಾಗಿ ಬದುಕಿದ್ದಾಳೆ. ಇದನ್ನು ಬುಡದಿಂದ ಹೇಳಬಲ್ಲವಳು ನಾನೊಬ್ಬಳೇ. ಅದಕ್ಕೇ ಹೇಳುತ್ತಿದ್ದೇನೆ.

ನಾನು ಚನ್ನವೀರಮ್ಮ, ಇಲ್ಲಿಯ ಒಂದು ಹೈಸ್ಕೂಲಿನಲ್ಲಿ ಗಣಿತದ ಮೇಡಂ. ಬಾಯಿ ಜೋರು ಎಂದು ಹೆಸರಾದವಳು. ಆ ಹೆಸರಿನ ಬಗ್ಗೆ ನನಗೇನೂ ಬೇಸರವಿಲ್ಲ. ಹೊನ್ನೂರಪ್ಪ ನಮ್ಮ ಶಾಲೆಯ ಮೈದಾನ ನೋಡಿಕೊಳ್ಳುವವನು. ಮೂಲ ಊರು ಸಿರುಗುಪ್ಪದ ಹತ್ತಿರದ ದೇಶನೂರು. ಅವರ ಮನೆಯವರ ಕೆಲಸವೇ ಹಗ್ಗ ಹಿಡಿಯುವುದು. ಭತ್ತದ ನಾಟಿಗೆ ಬಂದ ಹೆಣ್ಣಾಳುಗಳ ಗುಂಪು ಎಷ್ಟು ಗದ್ದೆ ನೆಟ್ಟಿತು ಎಂದು ಗಂಟು ಹಾಕಿದ ಹಗ್ಗದಿಂದ ಅಳೆದು ಹೇಳುವುದು. ಹೊಸ ಹಗ್ಗ ಬಂದರೆ ಅದನ್ನು ಒಂದು ರಾತ್ರಿ ನೀರಲ್ಲಿ ನೆನೆಹಾಕಬೇಕು, ಎಳೆದು ಕಟ್ಟಿ ಒಣಗಿಸಬೇಕು, ಕುಗ್ಗುವಷ್ಟು ಕುಗ್ಗಿದ ಮೇಲೆ ಗಂಟು ಹಾಕಬೇಕು. ಅದು ಅವರ ಪದ್ಧತಿ. ಅವನ ಅಪ್ಪ ಹಗ್ಗ ಸುತ್ತಿದನೆಂದರೆ ಕೂಲಿಯ ಜಗಳ ಮುಗಿಯಿತು ಎಂದೇ ಲೆಕ್ಕವಂತೆ. ಹೊನ್ನೂರಪ್ಪನಿಗೂ ಆ ಜಂಬ ಇತ್ತು. ಇರಲಿ ಬಿಡಿ, ಮನುಷ್ಯನಿಗೆ ಒಂದಾದರೂ ಜಂಬ ಬೇಕು.

ಪ್ರತಿ ಬೇಸಿಗೆಯಲ್ಲೂ ನಮ್ಮ ಮೈದಾನದಲ್ಲಿ ಓಟ, ಜಿಗಿತ, ಎಸೆತಗಳ ತರಬೇತಿ ಶಿಬಿರ ನಡೆಯುತ್ತದೆ. ಸಿರುಗುಪ್ಪ, ಕುರುಗೋಡು ಕಡೆಯ ಹೈಸ್ಕೂಲುಗಳಿಂದ ನಲವತ್ತು ಮಕ್ಕಳು, ಇಪ್ಪತ್ತು ದಿನ. ಬೆಳಿಗ್ಗೆ ಐದಕ್ಕೆ ಎಬ್ಬಿಸಿ ನೆನೆಸಿದ ಕಡಲೆ ಕೊಟ್ಟು ಓಡಿಸುವುದು, ಎಂಟಕ್ಕೆ ಬಿಸಿಲು ಏರುವ ಮೊದಲು ಒಳಗೆ ಅಟ್ಟುವುದು. ನಡೆಸುತ್ತಿದ್ದವರು ದೈಹಿಕ ಶಿಕ್ಷಕ ವಾಲ್ಮೀಕಿ ಸರ್. ಸೀಟಿ ಬಾಯಲ್ಲಿಟ್ಟುಕೊಂಡೇ ಮಾತಾಡುವ ಆಸಾಮಿ. ಹೆಣ್ಣುಮಕ್ಕಳ ಉಸ್ತುವಾರಿ ನನ್ನದು. ಓಟದ ಸಮಯ ಬರೆಯುವುದು, ಕೊನೆಗೆ ಒಬ್ಬೊಬ್ಬರ ಬಗ್ಗೆ ವರದಿ ಬರೆಯುವುದೂ ನನ್ನದೇ.

ಇದು ನಡೆದದ್ದು ಒಂಬತ್ತು ವರ್ಷದ ಹಿಂದೆ. ಆ ವರ್ಷ ಹೊನ್ನೂರಪ್ಪನ ಹಳೆಯ ಹಗ್ಗವನ್ನು ಇಲಿ ಕಡಿದು ಹಾಕಿತ್ತು. ಶಾಲೆಯ ಉಕ್ಕಿನ ಟೇಪನ್ನು ಯಾರೋ ಒಯ್ದಿದ್ದರು. ಶಿಬಿರದ ಹಿಂದಿನ ಸಂಜೆ ವಾಲ್ಮೀಕಿ ಸರ್ ಬಳ್ಳಾರಿಯಿಂದ ಹೊಸ ನೂಲಿನ ಹಗ್ಗ ತಂದರು, ಅರ್ಧ ತಾಸಿಗೆಂದು ಕರೆಂಟಿನವರ ಹತ್ತಿರ ಒಂದು ಟೇಪು ಇಸಿದುಕೊಂಡರು. "ಲಗೂನ ಗಂಟು ಹಾಕೋ ಮಾರಾಯ, ಟೇಪು ವಾಪಸ್ ಕೊಡಬೇಕು" ಎಂದು ತಲೆಯ ಮೇಲೆ ನಿಂತರು. ಹೊನ್ನೂರಪ್ಪ ಒಣ ಹಗ್ಗಕ್ಕೇ ಮೀಟರಿಗೊಂದರಂತೆ ಐವತ್ತು ಗಂಟು ಹಾಕಿದ. ಟೇಪು ಹೋಯಿತು. ಆಮೇಲೆ ಕೈಗೆ ಹತ್ತಿದ ರೂಢಿಯಂತೆ ಹಗ್ಗವನ್ನು ಒಯ್ದು ನೀರಿನ ತೊಟ್ಟಿಯಲ್ಲಿ ಹಾಕಿದ. ಮಾಡಿದ ಎರಡೂ ಕೆಲಸ ಸರಿಯೇ. ಹಿಂದಿನದು ಮುಂದಾಯಿತು, ಮುಂದಿನದು ಹಿಂದಾಯಿತು, ಅಷ್ಟೆ. ಬೆಳಗಾಗುವಷ್ಟರಲ್ಲಿ ಐವತ್ತು ಮೀಟರಿನ ಹಗ್ಗ ಗಂಟುಗಳ ಸಮೇತ ನಲವತ್ತೆಂಟಾಗಿತ್ತು. ಅದೇ ಹಗ್ಗವನ್ನು ಎಂಟು ಸಲ ಹಿಡಿದು ಅವನು ನಾನೂರು ಮೀಟರಿನ ಸುತ್ತಿಗೆ ಸುಣ್ಣ ಎಳೆದ. ಅದು ಮುನ್ನೂರ ಎಂಬತ್ನಾಲ್ಕು ಮೀಟರಿನ ಸುತ್ತು. ಯಾರಿಗೂ ತಿಳಿಯಲಿಲ್ಲ.

ಆ ಸಲ ಮಕ್ಕಳೆಲ್ಲ ಹಕ್ಕಿಗಳ ಹಾಗೆ ಹಾರಿದರು. ನಾನು ಗಣಿತದವಳು, ನಲವತ್ತು ಮಕ್ಕಳೂ ಒಮ್ಮೆಲೇ ಹೇಗೆ ಚುರುಕಾದರು ಎಂದು ಕೇಳಿಕೊಳ್ಳಬೇಕಿತ್ತು. ಕೇಳಿಕೊಳ್ಳಲಿಲ್ಲ. ಒಳ್ಳೆಯ ಸುದ್ದಿಗೆ ಯಾರು ತಾಳೆ ನೋಡುತ್ತಾರೆ, ಹೇಳಿ? ಎಲ್ಲರಿಗಿಂತ ಮುಂದಿದ್ದವಳು ರಾರಾವಿಯ ಅಂಜಿನಿ. ಒಂಬತ್ತನೇ ಇಯತ್ತೆ, ಕಡ್ಡಿಯಂಥ ಕಾಲು, ಬರಿಗಾಲಲ್ಲೇ ಓಡುತ್ತಿದ್ದಳು. ಎಂಟುನೂರು ಮೀಟರು, ಅಂದರೆ ಎರಡು ಸುತ್ತು, ಅವಳಿಗೆ ಎರಡು ನಿಮಿಷ ಹನ್ನೆರಡು ಸೆಕೆಂಡು. ಓಟ ಮುಗಿಸಿ ಏದುಸಿರು ಬಿಡುತ್ತಾ ನನ್ನ ಹತ್ತಿರವಲ್ಲ, ಕೊನೆಯ ಗೆರೆಯ ಬಳಿ ಕೂತ ಹೊನ್ನೂರಪ್ಪನ ಹತ್ತಿರ ಹೋಗಿ "ಎಷ್ಟಾತಣ್ಣ?" ಎಂದು ಕೇಳುವಳು. ಅವನು ನನ್ನನ್ನು ಕೇಳಿ ಅವಳಿಗೆ ಹೇಳುವನು. ಇಬ್ಬರಿಗೂ ಅದೊಂದು ಆಟವಾಗಿತ್ತು.

ಶಿಬಿರ ಮುಗಿದ ಮೇಲೆ ಬಳ್ಳಾರಿಯಲ್ಲಿ ಕ್ರೀಡಾ ಹಾಸ್ಟೆಲಿನ ಆಯ್ಕೆ. ಎರಡು ನಿಮಿಷ ಹದಿನೈದರೊಳಗೆ ಬಂದರೆ ಸೀಟು. ಅಂಜಿನಿಯ ಅಪ್ಪ ಎರ್ರಣ್ಣ ರಾರಾವಿಯಿಂದ ಇಸ್ತ್ರಿ ಅಂಗಿ ಹಾಕಿಕೊಂಡು ಬಂದಿದ್ದ. ಅವಳು ಓಡಿದಳು. ಎರಡು ನಿಮಿಷ ಹದಿನೇಳು.

"ಹೆದರಿಬಿಟ್ಟಿ ಲೇ! ಕುರುಗೋಡಾಗ ಹುಲಿ, ಬಳ್ಳಾರ್ಯಾಗ ಇಲಿ!" ಎಂದು ವಾಲ್ಮೀಕಿ ಸರ್ ಎಲ್ಲರ ಮುಂದೆ ಕೂಗಾಡಿದರು.

"ಇಲ್ಲ ಸರ್, ಎದಿ ಒಡಿಯೋ ಹಂಗ ಓಡೀನಿ ಸರ್," ಎಂದಳು ಹುಡುಗಿ. ಅವಳ ಮುಖ ಕೆಂಡವಾಗಿತ್ತು.

"ಸುಳ್ಳ್ಯಾಕ ಹೇಳ್ತಿಯವ್ವ? ಗಡಿಯಾರ ಸುಳ್ಳು ಹೇಳ್ತೈತೇನು?" ಅಂದವಳು ನಾನು.

ಎರ್ರಣ್ಣ ವಾಪಸು ಬರುವಾಗ ಬಸ್ಸಿನಲ್ಲಿ ಮಗಳ ಪಕ್ಕದ ಸೀಟು ಬಿಟ್ಟು ಹಿಂದೆ ಹೋಗಿ ಕೂತ. ನಮ್ಮ ಉಳಿದ ಮಕ್ಕಳೂ ಬಳ್ಳಾರಿಯಲ್ಲಿ ನಿಧಾನವೇ ಓಡಿದ್ದರು. ಎಲ್ಲರೂ ದೊಡ್ಡ ಮೈದಾನ ನೋಡಿ ಹೆದರಿದರು ಎಂದು ನಾವು ತೀರ್ಮಾನ ಮಾಡಿಬಿಟ್ಟೆವು. ನಾನು ವರದಿಯಲ್ಲಿ ಅಂಜಿನಿಯ ಹೆಸರಿನ ಮುಂದೆ ಬರೆದೆ: ಸ್ಪರ್ಧೆಯಲ್ಲಿ ಹೆದರುತ್ತಾಳೆ, ಮುಂದಿನ ಶಿಬಿರಕ್ಕೆ ಬೇಡ. ಮರುವರ್ಷ ಅವಳು ಹಾಸಿಗೆ ಸುತ್ತಿಕೊಂಡು ಶಿಬಿರದ ಗೇಟಿನ ತನಕ ಬಂದಿದ್ದಳು. ಪಟ್ಟಿಯಲ್ಲಿ ನಿನ್ನ ಹೆಸರಿಲ್ಲ ಎಂದು ನಾನೇ ಹೇಳಿ ಕಳಿಸಿದೆ. ಅವಳು ಜಗಳವಾಡಲಿಲ್ಲ. ಹತ್ತನೆಯ ತರಗತಿಗೇ ಸಾಲಿ ಬಿಟ್ಟಳು ಎಂದು ಆಮೇಲೆ ಕೇಳಿದೆ.

ಅವಳು ಹಾಸಿಗೆ ಹೊತ್ತು ಹಿಂದಿರುಗಿದ ಮರುದಿನದಿಂದಲೇ ಹೊನ್ನೂರಪ್ಪನಿಗೆ ಸದ್ದು ಕೇಳತೊಡಗಿದ್ದು. ನಸುಕಿನಲ್ಲಿ ಸುಣ್ಣ ಎಳೆಯುತ್ತಾ ಎರಡನೆಯ ತಿರುವಿಗೆ ಬಂದರೆ ಬೆನ್ನ ಹಿಂದೆ ಬರಿಗಾಲಿನ ಸದ್ದು. ಜೊತೆಗೆ ಉಸಿರು. ತಿರುಗಿದರೆ ಯಾರೂ ಇಲ್ಲ, ಹೆಜ್ಜೆಗುರುತೂ ಇಲ್ಲ. ಸದ್ದು ಅವನನ್ನು ದಾಟಿ ಗೆರೆಯ ಕಡೆ ಹೋಗುತ್ತದೆ, ಗೆರೆಯ ಹತ್ತಿರ ನಿಲ್ಲುವುದಿಲ್ಲ, ಇನ್ನೂ ಹದಿನಾರು ಮೀಟರು ಮುಂದೆ ಹೋಗಿ ನಿಲ್ಲುತ್ತದೆ. ಅಲ್ಲಿ ಯಾರೋ ಏದುಸಿರು ಬಿಡುತ್ತಾರೆ. ಆಮೇಲೆ ಕೇಳುತ್ತದೆ: "ಎಷ್ಟಾತಣ್ಣ?"

ಹೆಂಡತಿ ಪಾರಮ್ಮ ಅವನಿಗೆ ತಾಯಿತ ಕಟ್ಟಿಸಿದಳು, ದರ್ಗಾದಲ್ಲಿ ಸಕ್ಕರೆಗೆ ಫಾತಿಹಾ ಓದಿಸಿದಳು, ಗುಡ್ಡದ ಕೆಳಗಿನ ಒಬ್ಬ ಸ್ವಾಮಿಯಿಂದ ಬೇವಿನ ಸೊಪ್ಪಿನಲ್ಲಿ ಹೊಡೆಸಿದಳು. ಏನೂ ನಾಟಲಿಲ್ಲ. ಅವನು ಒಂದು ಉಕ್ಕಿನ ಟೇಪು ಕೊಂಡುಕೊಂಡ. ಶಿಬಿರ ಇರಲಿ ಬಿಡಲಿ, ದಿನಾ ಬೆಳಿಗ್ಗೆ ಮೈದಾನ ಅಳೆಯತೊಡಗಿದ. ಜನ ನಕ್ಕರು, ಆಮೇಲೆ ನಗುವುದನ್ನು ಬಿಟ್ಟು ದೂರ ಸರಿದರು.

ಹೋದ ಬೇಸಿಗೆಯ ಶಿಬಿರದಲ್ಲಿ ಒಂದು ಹುಡುಗಿ ನನ್ನ ಹತ್ತಿರ ಬಂದು, "ಮೇಡಂ, ಆ ಅಜ್ಜ ಯಾರ ಜೊತಿ ಮಾತಾಡ್ತಾನ? ನಮಗ ಅಂಜಿಕಿ ಬರ್ತೈತಿ" ಎಂದಳು. ನನಗೆ ಸಿಟ್ಟು ನೆತ್ತಿಗೇರಿತು. ಸೀದಾ ಮೈದಾನಕ್ಕೆ ಹೋದೆ. ಅವನು ಗೆರೆಯಿಂದ ಆಚೆ ಒಂದು ಖಾಲಿ ಜಾಗದ ಮುಂದೆ ಕೈಮುಗಿದು ಕೂತಿದ್ದ.

"ಏನ್ ನಾಟಕ ಇದು ಹೊನ್ನೂರಪ್ಪ? ಹುಡುಗ್ಯಾರು ಹೆದರಿ ಸಾಯ್ತಾರ!"

ಅವನು ನನ್ನನ್ನು ನೋಡಿ ಅತ್ತುಬಿಟ್ಟ. ಐವತ್ತೆಂಟು ವರ್ಷದ ಗಂಡಸು ಹಾಗೆ ಅಳುವುದನ್ನು ನಾನು ನೋಡಿರಲಿಲ್ಲ. ಹಗ್ಗದ ಕಥೆಯನ್ನು ಅವತ್ತೇ ಹೇಳಿದ್ದು. ಬಳ್ಳಾರಿಯ ಆಯ್ಕೆ ಮುಗಿದ ಮೂರನೆಯ ದಿನ ಶಾಲೆಯ ಟೇಪು ವಾಪಸು ಬಂತಂತೆ. ಸುಣ್ಣದ ಗೆರೆ ಇನ್ನೂ ಅಳಿಸಿರಲಿಲ್ಲ. ಟೇಪನ್ನು ಹಗ್ಗಕ್ಕೆ ಸುಮ್ಮನೆ ಹಿಡಿದು ನೋಡಿದರೆ ಐವತ್ತಕ್ಕೆ ನಲವತ್ತೆಂಟು. ಸುತ್ತು ಪೂರ್ತಿ ಅಳೆದ: ಹದಿನಾರು ಮೀಟರು ಕಡಿಮೆ. ಕೊಡಗಟ್ಟಲೆ ನೀರು ಹೊಯ್ದು ಗೆರೆ ಅಳಿಸಿ ಮನೆಗೆ ಹೋಗಿ ಮಲಗಿದ.

"ಮತ್ತ ಬಾಯಾಗ ಏನಿಟ್ಕೊಂಡಿದ್ದಿ? ಒಂದು ಮಾತು ಹೇಳಾಕ ಏನಾಗಿತ್ತು ನಿನಗ ಧಾಡಿ?"

"ನಾಲಿಗಿ ತನಕ ಬಂತು ಮೇಡಂ, ಹೊರಗ ಬರಲಿಲ್ಲ. ನಮ್ಮಪ್ಪನ ಮಗ ಅಳತಿ ತಪ್ಪಿದ ಅಂತ ನಾನಾ ಹೆಂಗ ಹೇಳ್ಲಿ? ಇವತ್ತು ಹೇಳೋಣ, ನಾಳಿ ಹೇಳೋಣ ಅನ್ನೂದ್ರಾಗ ಆ ಪೋರಿ ಹಾಸಿಗಿ ಹೊತ್ಕೊಂಡು ಗೇಟಿಗೆ ಬಂದ್ಲು. ಅವತ್ತೂ ಸುಮ್ಮನ ನಿಂತಿದ್ದೆ." ಕಣ್ಣೊರೆಸಿಕೊಂಡ. "ಸತ್ತೋರು ಬಂದ್ರ ಓಡಿಸಾಕ ಮಂತ್ರ ಐತಿ. ಬದುಕಿರೋರು ಬಂದ್ರ ಏನ್ ಮಾಡ್ಲಿ?"

ನಾನು ಬೈದೆ. ಬಾಯಿಗೆ ಬಂದಷ್ಟೂ ಬೈದೆ. ಆಮೇಲೆ ಸ್ಟಾಫ್ ರೂಮಿಗೆ ಬಂದು ಲೆಕ್ಕ ಹಾಕಿದೆ. ನಮ್ಮ ಗಿಡ್ಡ ಮೈದಾನದ ಎರಡು ನಿಮಿಷ ಹನ್ನೆರಡು ಅಂದರೆ ಸರಿಯಾದ ಅಳತೆಯಲ್ಲಿ ಎರಡು ನಿಮಿಷ ಹದಿನೇಳೂವರೆ. ಬಳ್ಳಾರಿಯಲ್ಲಿ ಅವಳು ಹದಿನೇಳರಲ್ಲಿ ಮುಗಿಸಿದ್ದಳು. ಮೂರು ಸಲ ಲೆಕ್ಕ ಹಾಕಿದೆ, ಉತ್ತರ ಬದಲಾಗಲಿಲ್ಲ. ನಾವು ಇಲಿ ಎಂದು ಕರೆದ ಆ ದಿನ ಅಂಜಿನಿ ತನ್ನ ಜೀವಮಾನದಲ್ಲೇ ಎಲ್ಲಕ್ಕಿಂತ ವೇಗವಾಗಿ ಓಡಿದ್ದಳು. ಇನ್ನೊಂದು ವರ್ಷ ಅಭ್ಯಾಸ ಸಿಕ್ಕಿದ್ದರೆ ಆ ಎರಡು ಸೆಕೆಂಡು ಅವಳಿಗೆ ಯಾವ ಲೆಕ್ಕ!

ಅವಳು ಎಲ್ಲಿದ್ದಾಳೆಂದು ವಿಚಾರಿಸಿ ಒಂದು ಭಾನುವಾರ ಹೊನ್ನೂರಪ್ಪನನ್ನು ಬಸ್ಸು ಹತ್ತಿಸಿದೆ. ಅವನಿಗೆ ಬೇಕಿದ್ದದ್ದು ಒಂದೇ: ಎಲ್ಲ ಕೇಳಿದ ಮೇಲೆ ಅಂಜಿನಿ ತನ್ನ ಬಾಯಿಂದಲೇ "ಹೋಗಲಿ ಬಿಡು" ಅನ್ನಬೇಕು. ಅಂದರೆ ಆ ಸದ್ದು ನಿಲ್ಲುತ್ತದೆ ಎಂದು ನಂಬಿದ್ದ. ದಾರಿಯುದ್ದಕ್ಕೂ "ಅಂತಾಳಲ್ರಿ ಮೇಡಂ? ಅಂತಾಳಲ್ರಿ?" ಎಂದು ನನ್ನ ತಲೆ ತಿಂದ.

ಕೌಲ್ ಬಜಾರಿನ ಒಂದು ಸಂದಿಯಲ್ಲಿ ತಗಡಿನ ಮಾಡಿನ ಕೆಳಗೆ ಹನ್ನೆರಡು ಹೊಲಿಗೆ ಮಷೀನು. ಭಾನುವಾರವೂ ಕೆಲಸ ನಡೆದಿತ್ತು. ಗೋಡೆ, ನೆಲ, ಮಂದಿಯ ರೆಪ್ಪೆ, ಎಲ್ಲದರ ಮೇಲೂ ನೀಲಿ ನೂಲಿನ ಧೂಳು. ಯಜಮಾನಿ ತಬಸ್ಸುಮ್ ಕೈ ಮಾಡಿ ತೋರಿಸಿದಳು. ಅಂಜಿನಿ ತಲೆ ಎತ್ತಿ ನನ್ನನ್ನು ಗುರುತು ಹಿಡಿದು ಎದ್ದು ಬಂದಳು. ಇಪ್ಪತ್ನಾಲ್ಕಕ್ಕೇ ಬೆನ್ನು ಬಾಗಿತ್ತು. "ಅಯ್ಯೋ ಮೇಡಂ, ಬರ್ರಿ, ಕೂಡ್ರಿ" ಎಂದು ಸ್ಟೂಲು ಒರೆಸಿ ಕೊಟ್ಟಳು, ಚಾ ತರಿಸಿದಳು. ಹೊನ್ನೂರಪ್ಪ ಕೂರಲಿಲ್ಲ. ನಿಂತಲ್ಲೇ ಎಲ್ಲ ಹೇಳಿದ: ಹಗ್ಗ, ತೊಟ್ಟಿ, ಟೇಪು, ಆ ಸದ್ದು. ನಾನು ಲೆಕ್ಕದ ಚೀಟಿ ತೆಗೆದು ಅವಳ ಕೈಗೆ ಕೊಟ್ಟೆ.

ಅವಳು ಚೀಟಿ ಓದಿದಳು. "ಅಂದ್ರ ನಾ ಅವತ್ತು ಹೆದರಿರಲಿಲ್ಲ," ಎಂದಳು. ಅದು ಪ್ರಶ್ನೆಯಾಗಿರಲಿಲ್ಲ.

"ಇಲ್ಲವ್ವ," ಎಂದೆ.

"ನಮ್ಮಪ್ಪ ತೀರ್ಕೊಂಡು ನಾಲ್ಕು ವರ್ಷ ಆತ್ರಿ. ಆಸ್ಪತ್ರ್ಯಾಗ ಕೈ ಹಿಡ್ಕೊಂಡು ಕೇಳಿದ, ಅವತ್ತು ಯಾಕ ಹೆದರಿದಿ ಮಗಳ ಅಂತ. ಅಂಜಿಕಿ ಬಂದಿತ್ತಪ್ಪಾ, ತಪ್ಪಾತು ಅಂದೆ. ಅಷ್ಟೊತ್ತಿಗೆ ನನಗೂ ಅದಾ ಖರೇ ಅನಿಸಿಬಿಟ್ಟಿತ್ತು. ಮದಿವಿಗೆ ಬ್ಯಾಡ ಅನ್ನಾಕೂ ಹೆದರಿದೆ. ನಾ ಹೆದರೋಕಿನಾ ಅಂತ ಆಗಿತ್ತಲ್ರಿ, ಅದಕ್ಕ."

ಅವಳು ಹೊನ್ನೂರಪ್ಪನ ಕಡೆ ತಿರುಗಿದಳು. "ಮರುವರ್ಷ ಪಟ್ಟ್ಯಾಗ ನನ್ನ ಹೆಸರು ಯಾರು ತೆಗದ್ರಣ್ಣ?"

ಅವನು ಒಂದು ಸಲ ನನ್ನನ್ನು ನೋಡಿದ. ವರದಿ ಬರೆದವರು ಯಾರೆಂದು ಅವನಿಗೆ ಚೆನ್ನಾಗಿ ಗೊತ್ತು.

"ನಾನಾ ಅವ್ವ," ಎಂದ. "ನಾ ಬಾಯಿ ಮುಚ್ಚಿದ್ದಕ್ಕ ಹೋತು. ಮತ್ಯಾರದೂ ತಪ್ಪಿಲ್ಲ."

ನಾನು ಚಾ ಕುಡಿಯುತ್ತಿದ್ದೆ. ಕುಡಿಯುತ್ತಲೇ ಇದ್ದೆ. ಊರೆಲ್ಲ ಹೆದರುವ ನನ್ನ ಬಾಯಿ ಅವತ್ತು ತೆರೆಯಲೇ ಇಲ್ಲ.

"ಒಂದು ಮಾತು ಅಂದ್ಬಿಡು ತಾಯಿ. ಹೋಗಲಿ ಬಿಡು ಅನ್ನು. ಅವತ್ತಿನ ಆ ಪೋರಿ ದಿನಾ ಬಂದು ಓಡ್ತಾಳ, ನನಗ ಆಗವಲ್ದು," ಎಂದು ಹೊನ್ನೂರಪ್ಪ ಕೈಮುಗಿದ.

ಅಂಜಿನಿ ಚೀಟಿಯನ್ನು ಮಡಚಿ ಮಷೀನಿನ ಮೇಲಿಟ್ಟಳು. ಸಿಟ್ಟು ಮಾಡಲಿಲ್ಲ, ಅಳಲಿಲ್ಲ. "ಓಡಲಿ ಬಿಡಣ್ಣ," ಎಂದಳು. "ಅಕಿಗೆ ಓಡಾಕ ಬ್ಯಾರೆ ಜಾಗ ಎಲ್ಲೈತಿ?" ಆಮೇಲೆ ಕೂತು ಮಷೀನು ತುಳಿಯತೊಡಗಿದಳು. ಆ ಸದ್ದಿನಲ್ಲಿ ಮತ್ತೆ ಮಾತಿಗೆ ಎಡೆ ಇರಲಿಲ್ಲ.

ವಾಪಸು ಬಂದು ಬಸ್ಸು ಇಳಿಯುವಾಗ ಹೊನ್ನೂರಪ್ಪ, "ನೀವು ಮನಸಿಗೆ ಹಚ್ಕೋಬ್ಯಾಡ್ರಿ ಮೇಡಂ," ಎಂದ. ಅದು ನನಗೆ ಬೈಗುಳಕ್ಕಿಂತ ಜೋರಾಗಿ ತಾಗಿತು. ಈಗಲೂ ಅವನು ನಸುಕಿಗೇ ಮೈದಾನಕ್ಕೆ ಹೋಗುತ್ತಾನೆ, ಓಡುವವಳಿಗೆ ದಾರಿ ಬಿಟ್ಟು ಪಕ್ಕಕ್ಕೆ ನಿಲ್ಲುತ್ತಾನೆ. ಅವನು ಹೇಳಬೇಕಾದ್ದನ್ನು ಒಂಬತ್ತು ವರ್ಷಕ್ಕಾದರೂ ಹೇಳಿದ. ಕುರುಗೋಡಿನಿಂದ ಕೌಲ್ ಬಜಾರಿಗೆ ಒಂದು ತಾಸಿನ ದಾರಿ, ತಾಸಿಗೊಂದು ಬಸ್ಸಿದೆ. ಪಟ್ಟಿಯಿಂದ ಹೆಸರು ತೆಗೆದವಳು ನಾನೇ ಎಂದು ಹೇಳಲು ನಾನು ಇನ್ನೂ ಹೋಗಿಲ್ಲ.