ವಾಕಿಟಾಕಿಯಲ್ಲಿ ನಾನಂದ ಒಂದು ‘ಆತಾ’

ಮೈಂದರ್ಗಿ ದಾಟಿದ ಮೇಲೆ ಒಂದು ಹಳ್ಳದಲ್ಲಿ ನನ್ನ ಜೀಪು ಹೂತುಹೋಯಿತು.

ಹಿಂದಿನ ದಿನವಷ್ಟೇ ಮಳೆ ಬಿದ್ದಿತ್ತು, ಅದರಲ್ಲೂ ಎರೆಮಣ್ಣು. ಹೂಳುತ್ತದೆ ಅಂತ ಗೊತ್ತಿದ್ದೂ ಇಳಿಸಿದೆ. ಮುಂದಿನ ಹದಿಮೂರು ಜೀಪು ದಾಟಿವೆ, ನಾನೇನು ಕಮ್ಮಿ ಅನ್ನುವ ಸೊಕ್ಕು.

ಸೋಲಾಪುರದ ಗುಂಪು ನಮ್ಮದು. ತಿಂಗಳಿಗೊಂದು ಭಾನುವಾರ ಡಾಂಬರು ರಸ್ತೆ ಬಿಟ್ಟು ಹಳ್ಳ, ದಿಬ್ಬ ಹುಡುಕಿಕೊಂಡು ಹೋಗುವ ಹುಚ್ಚು. ಅರ್ಧ ಜನ ಮರಾಠಿಯವರು, ಅರ್ಧ ಜನ ಕನ್ನಡದವರು, ಎಲ್ಲರ ಕೈಯಲ್ಲೂ ಒಂದೊಂದು ವಾಕಿಟಾಕಿ.

ನಿಯಮಗಳಿಗೇನೂ ಬರ ಇರಲಿಲ್ಲ. ಹೂತ ಗಾಡಿ ಎಳೆಯುವಾಗ ಇಬ್ಬರು ಡ್ರೈವರಿಗೂ ಕಾಣುವ ಹಾಗೆ ಒಬ್ಬ ನಿಲ್ಲಬೇಕು. ಅವನು ಕೈ ಎತ್ತಿದ ಮೇಲೆಯೇ ಎಳೆಯಬೇಕು. ಊರಿನವರನ್ನು ಹಗ್ಗದ ಹತ್ತಿರ ಬಿಡಲೇಬಾರದು. ಎಲ್ಲವನ್ನೂ ವಾಟ್ಸಾಪ್ ಗ್ರೂಪಿನಲ್ಲಿ ಪಿನ್ ಮಾಡಿ ಇಟ್ಟಿದ್ದೆವು.

ಆದರೆ ಅಂದು ಕೈ ತೋರಿಸಬೇಕಾದವನು, ಅಕ್ಕಲಕೋಟೆಯಲ್ಲಿ ಊಟಕ್ಕೆ ತಡವಾಗುತ್ತದೆ ಅಂತ ಉಳಿದವರ ಜೊತೆ ಮುಂದೆ ಹೋಗಿಬಿಟ್ಟಿದ್ದ.

ನಾನು ಕಾಣಲಿಲ್ಲವೆಂದು ತಿರುಗಿ ಬಂದವನು ಸಂದೀಪ ಒಬ್ಬನೇ. ಒಂದೇ ಗಲ್ಲಿಯಲ್ಲಿ ಬೆಳೆದವರು ನಾವು. ಅವನದು ಅಪ್ಪಟ ಮರಾಠಿ, ಕನ್ನಡ ತಿಳಿಯುವುದಿಲ್ಲ.

ಅವನು ದಂಡೆಯ ಮೇಲೆ ಜೀಪು ನಿಲ್ಲಿಸಿ ಹಗ್ಗ ಎಸೆದ. ಅವನು ಕೂತಲ್ಲಿಂದ ನನ್ನ ಬಂಪರ್ ಕಾಣುತ್ತಿರಲಿಲ್ಲ.

ಬಂಪರಿನ ಕೆಳಗಿನ ಕೊಕ್ಕೆ ಕೆಸರಿನಲ್ಲಿ ಮುಳುಗಿತ್ತು. ಇಳಿದು ಕೈ ಹಾಕಬೇಕು. ನಾನು ನನ್ನ ಹೊಸ ಶೂ ನೋಡಿಕೊಂಡೆ... ಹೌದು, ಆ ಹೊತ್ತಿನಲ್ಲಿ ಶೂ ನೋಡಿಕೊಂಡೆ.

ಅಲ್ಲೇ ಕುರಿ ಮೇಯಿಸುತ್ತಿದ್ದ ಒಬ್ಬರು ಕರೆಯದೆಯೇ ಬಂದರು. ತಡವಳದ ಮಾಳಪ್ಪ, ಐವತ್ತು ದಾಟಿದ ಮನುಷ್ಯ. ನೀವು ಗಾಡಿಯಲ್ಲೇ ಕೂತಿರಿ, ನಾನು ಹಾಕುತ್ತೇನೆ ಅಂದವರೇ ಧೋತರ ಮೇಲೆ ಕಟ್ಟಿ ಕೆಸರಿಗಿಳಿದರು. ಬೇಡ ಅನ್ನಬೇಕಿತ್ತು. ನಾನು ಕೂತೇ ಇದ್ದೆ.

ಸ್ವಲ್ಪ ಹೊತ್ತಿನ ಮೇಲೆ ಕಿಟಕಿಯಿಂದ ಬಗ್ಗಿ ಅವರನ್ನು ಕೇಳಿದೆ:

“ಆತಾ?”

ಅವರೇನೋ ಅಂದರು. ಇಂಜಿನ್ ಸದ್ದಿನಲ್ಲಿ ಕೇಳಿಸಲಿಲ್ಲ.

ಅಷ್ಟರಲ್ಲಿ ಹಗ್ಗ ಜಗ್ಗಿತು.

ಆ ಕೂಗು ಈಗಲೂ ಕಿವಿಯಲ್ಲಿದೆ. ಮಾಳಪ್ಪನವರ ಬಲಗೈ ಹಗ್ಗದ ಕೊಂಡಿಗೂ ಕೊಕ್ಕೆಗೂ ನಡುವೆ ಸಿಕ್ಕಿತ್ತು.

ಅವರದೇ ರುಮಾಲು ಬಿಚ್ಚಿ ಕೈಗೆ ಸುತ್ತಿದೆವು. ಸಂದೀಪನ ಜೀಪಿನಲ್ಲಿ ಮೊದಲು ಅಕ್ಕಲಕೋಟೆಗೆ, ಅಲ್ಲಿಂದ ಸೋಲಾಪುರಕ್ಕೆ. ದಾರಿಯುದ್ದಕ್ಕೂ ಆ ಮನುಷ್ಯ ಕೇಳಿದ್ದು ಒಂದೇ, ಕುರಿ ಯಾರು ನೋಡುತ್ತಾರೆ ಅಂತ.

ಎರಡು ಬೆರಳು ಉಳಿಯಲಿಲ್ಲ.

ಆಸ್ಪತ್ರೆಯ ವರಾಂಡದಲ್ಲಿ ಸಂದೀಪ ನನ್ನ ತೋಳು ಹಿಡಿದ. “ತೂಚ್ ಮ್ಹಣಾಲಾಸ್ ನಾ, ಆತಾ?” ನೀನೇ ಅಂದೆಯಲ್ಲ, ಈಗ ಅಂತ?

ನಾನು ವಾಕಿಟಾಕಿಯಲ್ಲಿ ಏನೂ ಮಾತಾಡಿಲ್ಲ ಅಂತ ಆಣೆ ಮಾಡಿದೆ. ಆಗ ಅದು ಸುಳ್ಳಲ್ಲ, ನಾನು ಹಾಗೇ ತಿಳಿದಿದ್ದೆ.

ಮೂರನೇ ದಿನ ಮಾಳಪ್ಪನವರನ್ನು ನೋಡಲು ಹೋದೆ. ಸಿಟ್ಟಿಲ್ಲ, ಬೈಗುಳವಿಲ್ಲ. ಸುಮ್ಮನೆ ಕೇಳಿದರು:

“ನೀವು ಆತಾ ಅಂದ್ರಿ. ನಾ ಇನ್ನಾ ಇಲ್ಲ, ತಡೀರಿ ಅಂದೆ. ಮತ್ತ ಗಾಡಿ ಹೆಂಗ ಜಗ್ಗಿತ್ರೀ ಸಾಹೇಬ್ರ?”

ಆಗ ನೆನಪಾಯಿತು.

ಸಂದೀಪನಿಗೆ ಸ್ವಲ್ಪ ತಡಿ ಅಂತ ಹೇಳಲು ನಾನು ವಾಕಿಟಾಕಿಯ ಬಟನ್ ಒತ್ತಿದ್ದೆ. ಹೇಳುವ ಮುಂಚೆ, ಎಷ್ಟಾಗಿದೆ ನೋಡೋಣ ಅಂತ ಬಗ್ಗಿ ಮಾಳಪ್ಪನವರನ್ನು ಕೇಳಿದ್ದೆ. ಹೆಬ್ಬೆರಳು ಬಟನ್ ಒತ್ತಿಕೊಂಡೇ ಇತ್ತು, ನಾನಂದದ್ದು ಸಂದೀಪನಿಗೂ ಹೋಗಿತ್ತು.

ನಮ್ಮ ಕನ್ನಡದಲ್ಲಿ ಆತಾ ಅಂದರೆ ಮುಗಿಯಿತಾ ಅಂತ. ಮರಾಠಿಯಲ್ಲಿ ಆತಾ ಅಂದರೆ ಈಗ. ಹುಟ್ಟಿದಾಗಿನಿಂದ ಎರಡೂ ನನ್ನ ಬಾಯಲ್ಲಿವೆ. ಒಂದು ಇನ್ನೊಂದಾಗಿ ಕೇಳಿಸಬಹುದು ಅಂತ ಒಂದು ದಿನವೂ ಹೊಳೆದಿರಲಿಲ್ಲ.

ಹೊಳೆದ ಮೇಲೆ ಏನು ಮಾಡಿದೆ? ಮಾಳಪ್ಪನವರಿಗೆ, ಏನಾಯಿತೋ ಗೊತ್ತಿಲ್ಲ ಅಂದು ಎದ್ದು ಬಂದೆ.

ಮುಂದಿನ ಭಾನುವಾರ ಗುಂಪಿನ ಮೀಟಿಂಗ್ ಆಯಿತು. ಸಿಗ್ನಲ್ ಇಲ್ಲದೆ ಎಳೆದ ಅಂತ ಸಂದೀಪನನ್ನು ತೆಗೆದುಹಾಕಿದರು. ಅವನು ಒಮ್ಮೆ ನನ್ನ ಕಡೆ ನೋಡಿದ. ನಾನು ಮೊಬೈಲ್ ನೋಡುತ್ತಿದ್ದೆ.

ಅವನು ಜೀಪನ್ನೇ ಮಾರಿಬಿಟ್ಟ. ವಾರಕ್ಕೊಮ್ಮೆ ಬೈಕಿನಲ್ಲಿ ತಡವಳಕ್ಕೆ ಹೋಗಿ, ಮಾಳಪ್ಪನವರನ್ನು ಡ್ರೆಸ್ಸಿಂಗಿಗೆ ಕರೆದುಕೊಂಡು ಹೋಗುತ್ತಿದ್ದ. ಗಾಯ ಮಾಗಿದೆ, ಆದರೆ ಉಣ್ಣೆ ಕತ್ತರಿಸುವ ಕತ್ತರಿ ಆ ಕೈಯಲ್ಲಿ ಇನ್ನು ನಿಲ್ಲುವುದಿಲ್ಲ.

ನಾನೂ ಒಮ್ಮೆ ತಡವಳಕ್ಕೆ ಹೋಗಿದ್ದೆ. ಮಾಳಪ್ಪನವರು ಚಹಾ ಕೊಟ್ಟು ನನಗೇ ಬುದ್ಧಿ ಹೇಳಿದರು. “ಆ ಹುಡುಗನ್ನ ಬೈಬ್ಯಾಡ್ರಿ. ಪಾಪ, ಬೇಕಂತ ಮಾಡ್ಯಾನೇನು?”

ನಾನು ಚಹಾ ಕುಡಿದು ಮುಗಿಸಿದೆ. ಆಗಲಾದರೂ ಬಾಯಿ ಬಿಡಬಹುದಿತ್ತು... ಬಿಡಲಿಲ್ಲ.

ಕಳೆದ ವಾರ ಸಂದೀಪ ಗಲ್ಲಿಯಲ್ಲಿ ಸಿಕ್ಕ. ಇಳಿದುಹೋಗಿದ್ದಾನೆ. ತಾನಾಗಿಯೇ ಮಾತು ತೆಗೆದು, ನೀನು ಏನೂ ಅಂದಿರಲಿಕ್ಕಿಲ್ಲ ಬಿಡು, ನನಗೇ ಭ್ರಮೆಯಾಗಿರಬೇಕು ಅಂದ. ತನ್ನ ಕಿವಿಯನ್ನೇ ಅವನು ಈಗ ನಂಬುವುದಿಲ್ಲ.

ನಾನು ತಲೆ ಆಡಿಸಿದೆ. ಥೂ ನನ್ನ ಜನ್ಮಕ್ಕೆ.

ಗುಂಪಿನಲ್ಲಿ ಹೊಸ ನಿಯಮ ಬಂದಿದೆ. ಹಗ್ಗ ಹಾಕುವಾಗ ವಾಕಿಟಾಕಿಯಲ್ಲಿ ಯಾರೂ ಮಾತಾಡಬಾರದು, ಕೈಸನ್ನೆ ಮಾತ್ರ. ಆ ನಿಯಮ ಸೂಚಿಸಿದವನು ನಾನೇ, ಎಲ್ಲರೂ ಚಪ್ಪಾಳೆ ತಟ್ಟಿದರು.

ಇಷ್ಟೆಲ್ಲ ಇಲ್ಲಿ ಒಪ್ಪಿಕೊಂಡದ್ದಕ್ಕೆ ನನ್ನನ್ನು ಧೈರ್ಯವಂತ ಅನ್ನಬೇಡಿ.

ಸಂದೀಪನಿಗೆ ಕನ್ನಡದ ಒಂದಕ್ಷರವೂ ಓದಲು ಬರುವುದಿಲ್ಲ.